ದಿಮಿತ್ಸಾನಾದ ಜಲಶಕ್ತಿ ಮ್ಯೂಸಿಯಂ: ನೀರಿನ ಜಾಡಿನಲ್ಲಿ ಒಂದು ಗ್ರೀಕ್ ಹಳ್ಳಿಯ ಚರಿತ್ರೆ

ಗ್ರೀಸ್ ದೇಶದ ಪೆಲೊಪೊನೀಸ್ ಭಾಗದಲ್ಲಿ, ಅರ್ಕೇಡಿಯಾದ ಬೆಟ್ಟಸೀಮೆಯೊಳಗೆ, ಲೂಸಿಯೋಸ್ ನದಿಯ ಆಳವಾದ ಕಣಿವೆಯ ಮೇಲೆ ದಿಮಿತ್ಸಾನಾ ಎಂಬ ಕಲ್ಲುಮನೆಗಳ ಹಳ್ಳಿಯಿದೆ. ಅದರ ಹೊರವಲಯದ ಆಯ್‌ ಯಾನ್ನಿಸ್ ಒರತೆಯ ಬಳಿ 1997ರಲ್ಲಿ ತೆರೆದ ಬಯಲು ಜಲಶಕ್ತಿ ಮ್ಯೂಸಿಯಂ, ರಾಜರ ಅಥವಾ ಯುದ್ಧಗಳ ಹೆಸರು ಹಿಡಿದು ಹೊರಡದೆ, ಊರಿನ ಜನ ಯಾವ ಕಸುಬಿನಿಂದ ಅನ್ನ ಸಂಪಾದಿಸಿದರು ಎಂಬುದರಿಂದಲೇ ಆ ಊರಿನ ಚರಿತ್ರೆಯನ್ನು ಹೇಳುತ್ತದೆ. ಈಗ ಪಿರೇಯಸ್ ಬ್ಯಾಂಕಿನ ಸಾಂಸ್ಕೃತಿಕ ಪ್ರತಿಷ್ಠಾನವು ಇದನ್ನು ನಡೆಸುತ್ತಿದೆ.

ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಸುರಂಗದ ನೀರನ್ನು ಅಡಿಕೆ ತೋಟಕ್ಕೆ ಹಾಯಿಸಿಕೊಂಡು ಬದುಕಿದ ಕಾಸರಗೋಡಿನವರಿಗೆ ಇಲ್ಲಿಯ ಏರ್ಪಾಡು ಹೆಚ್ಚು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಒರತೆಯ ನೀರು ಇಳಿಜಾರಿನಲ್ಲಿ ಕಾಲುವೆಯಾಗಿ ಹರಿದು ಒಂದು ಕಸುಬಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಹಿಟ್ಟಿನ ಗಿರಣಿಯಲ್ಲಿ ಅದು ಎತ್ತರದಿಂದ ಬಿದ್ದು ಅಡ್ಡ ಮಲಗಿಸಿದ ಚಕ್ರವನ್ನು ತಿರುಗಿಸುತ್ತದೆ. ಪಕ್ಕದಲ್ಲಿ ಮರದ ತೊಟ್ಟಿಯೊಳಗೆ ಸುಳಿಯಾಗಿ ಸುತ್ತಿ, ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಮತ್ತು ಕಂಬಳಿಗಳನ್ನು ದಪ್ಪಗೊಳಿಸುತ್ತದೆ. ದ್ರಾಕ್ಷಿಯ ಸಿಪ್ಪೆಯಿಂದ ಸಾರಾಯಿ ಇಳಿಸುವ ಹಂಡೆಯೂ ಚರ್ಮ ಹದ ಮಾಡುವ ಕಟ್ಟಡವೂ ಅಲ್ಲೇ ಇವೆ. ಯಂತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ನೀರಿನಿಂದಲೇ ನಡೆಸಿ ತೋರಿಸುವುದು ಈ ಮ್ಯೂಸಿಯಂನ ದೊಡ್ಡ ಗುಣ.

ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಕೋವಿಮದ್ದಿನ ಗಿರಣಿ. ನೀರಿನ ಚಕ್ರದ ಅಚ್ಚು ತಿರುಗುವಾಗ ಸಾಲಾಗಿ ನಿಂತ ಮರದ ಒನಕೆಗಳು ಮೇಲೆದ್ದು, ಒರಳುಗಳೊಳಗಿನ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲಿನ ಮಿಶ್ರಣದ ಮೇಲೆ ಬೀಳುತ್ತವೆ. ಪೆಟ್ಲುಪ್ಪನ್ನು ಊರಿನವರು ಕುರಿ ಮತ್ತು ಆಡಿನ ಗೊಬ್ಬರದಿಂದಲೇ ಕುದಿಸಿ ತೆಗೆಯುತ್ತಿದ್ದರು. ಆಟೊಮನ್ ಆಳ್ವಿಕೆಯ ವಿರುದ್ಧ 1821ರಲ್ಲಿ ಗ್ರೀಕರು ಎದ್ದಾಗ ಅವರ ಕೋವಿಗಳಿಗೆ ಮದ್ದು ಒದಗಿಸಿದ್ದು ಈ ಗಿರಣಿಗಳು. ಸ್ಪಿಲಿಯೊಟೊಪೌಲೊಸ್ ಸಹೋದರರ ಹೆಸರು ಆ ಕೆಲಸದೊಂದಿಗೆ ಸೇರಿಕೊಂಡಿದೆ. ಕುರಿಹಟ್ಟಿಯಿಂದ ರಣರಂಗದವರೆಗಿನ ಈ ಸರಪಳಿಯನ್ನು ಕಣ್ಣಾರೆ ನೋಡಿದಾಗ, ದೇಶದ ಸ್ವಾತಂತ್ರ್ಯ ಸಮರದಲ್ಲಿ ಹೆಸರಿಲ್ಲದ ಹಳ್ಳಿಗರ ಪಾಲು ಎಷ್ಟು ದೊಡ್ಡದು ಎಂಬುದು ಮನಸ್ಸಿಗೆ ನಾಟುತ್ತದೆ.

ಮ್ಯೂಸಿಯಂ ಮುಗಿಸಿದವರು ಊರೊಳಗೂ ನಡೆಯಬೇಕು. 1764ರಲ್ಲಿ ಇಲ್ಲಿ ಸ್ಥಾಪನೆಯಾದ ಶಾಲೆಯ ಗ್ರಂಥಾಲಯದ ಬಹುಪಾಲು ಪುಸ್ತಕಗಳು ಸಮರದ ಕಾಲದಲ್ಲಿ ತೋಟಾಗಳಿಗೆ ಸುತ್ತುವ ಕಾಗದವಾಗಿ ಹೋದವು. ಪುಸ್ತಕವನ್ನು ಕಾಲಿಗೆ ತಾಗಿಸದೆ ಬೆಳೆದ ನಮಗೆ ಇದನ್ನು ಕೇಳುವಾಗ ನೋವಾಗುತ್ತದೆ; ಮದ್ದಿನ ಗಿರಣಿಯನ್ನು ನೋಡಿ ಬಂದವರಿಗೆ ಮಾತ್ರ ಅಂದಿನವರ ಅನಿವಾರ್ಯತೆ ಪೂರ್ತಿ ತಿಳಿಯುತ್ತದೆ. ಸಮರ ಶುರುವಾದ 1821ರಲ್ಲೇ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗಲ್ಲಿಗೇರಿದ ಆರ್ಥೊಡಾಕ್ಸ್ ಕ್ರೈಸ್ತರ ಮಹಾಧರ್ಮಾಧ್ಯಕ್ಷ ಐದನೆಯ ಗ್ರಿಗೋರಿಯೋಸ್ ಹುಟ್ಟಿದ್ದೂ ಈ ಊರಿನಲ್ಲೇ.

ನನ್ನ ಅಸಮಾಧಾನವೇನಿದ್ದರೂ ನಮ್ಮನ್ನು ಕರೆದೊಯ್ದ ಪ್ರವಾಸ ಏಜೆನ್ಸಿಯ ಮೇಲೆ. ಊಟದ ನಿಲುಗಡೆಗೆ ಕೊಟ್ಟಷ್ಟು ಸಮಯವನ್ನೂ ಅವರು ಇಲ್ಲಿಗೆ ಕೊಡಲಿಲ್ಲ. ಒಂದೊಂದು ಕಸುಬನ್ನು ವಿವರಿಸುವ ವಿಡಿಯೋಗಳನ್ನು ಕುಳಿತು ನೋಡದೆ ಹೋದರೆ, ಚರ್ಮಶಾಲೆಯ ಸುಣ್ಣದ ತೊಟ್ಟಿಗಳು ಬರೇ ಕಲ್ಲಿನ ಗುಂಡಿಗಳಾಗಿ ಕಾಣುವ ಅಪಾಯವಿದೆ. ಸುರಂಗ ಕೊರೆಯುವ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ನಮ್ಮ ಗುಡ್ಡಗಳಲ್ಲಿಯೂ ಇಂಥದ್ದೊಂದು ಆಗಬೇಕೆಂಬುದು ನನ್ನ ಗಾಢವಾದ ಆಸೆ. ಆದ್ದರಿಂದ ನಮ್ಮ ಪಂಚಾಯತ್ ಸದಸ್ಯರೂ ಶಾಲಾ ಅಧ್ಯಾಪಕರೂ ಈ ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಅಥೆನ್ಸ್‌ನಿಂದ ಕಾರಿನಲ್ಲಿ ಸುಮಾರು 3 ಗಂಟೆಯ ದಾರಿ. ಮಂಗಳವಾರ ರಜೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಬೆಚ್ಚನೆಯ ಉಡುಪು ಜೊತೆಗಿರಲಿ. ಸಾಧ್ಯವಿದ್ದರೆ ರಾತ್ರಿ ಊರಲ್ಲೇ ಉಳಿದು, ಮರುದಿನ ಬೆಳ್ಳಿ ಕೆಲಸಕ್ಕೆ ಹೆಸರಾದ ನೆರೆಯ ಸ್ಟೆಮ್ನಿತ್ಸಾ ಹಳ್ಳಿಯನ್ನೂ ನೋಡಬಹುದು.