ಪೆಲೆಟ್ ಸ್ಮೋಕರ್‌ನಲ್ಲಿ ಮೊದಲು ಏನು ಮಾಡಬೇಕು? ಕೋಳಿ, ಸಾಲ್ಮನ್, ಹಂದಿ, ಟೊಮೆಟೊ

ಪೆಲೆಟ್ ಸ್ಮೋಕರ್ ಅಂದರೆ ಪೆಲೆಟ್ ಅನ್ನುವ ಮರದ ಗುಳಿಗೆ ಉರಿಸಿ, ಅದರ ಹೊಗೆ ಮತ್ತು ಶಾಖದಲ್ಲಿ ಬೇಯಿಸುವ ಯಂತ್ರ. ಅದು ಮನೆಗೆ ಬಂದ ದಿನವೇ ಏಳುವ ಪ್ರಶ್ನೆ ಒಂದೇ. ಮೊದಲು ಏನು ಮಾಡೋಣ? ಇಲ್ಲಿ ಅಮೆರಿಕದಲ್ಲಿ ಯಾರನ್ನು ಕೇಳಿದರೂ "ಹಂದಿ ಭುಜದ ತುಂಡು ಹಾಕಿ, ಅದು ಕೆಡುವುದೇ ಇಲ್ಲ" ಅನ್ನುತ್ತಾರೆ. ನಾನೂ ಅದನ್ನೇ ನಂಬಿ ಶುರು ಮಾಡಿದೆ. ಎರಡು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಶನಿವಾರ ಏನಾದರೊಂದು ಮಾಡುತ್ತಿದ್ದೇನೆ. ಈಗ ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಕೋಳಿ ತೊಡೆ ಮಾಡಿ ಅನ್ನುತ್ತೇನೆ. ಹಂದಿಗೆ ಐದಾರು ವಾರ ಬಿಟ್ಟು ಕೈ ಹಾಕಿ. ಯಾಕೆ ಅಂತ ಹೇಳುತ್ತೇನೆ.

ನಾವಿರುವುದು ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ. ಈ ಯಂತ್ರ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. ಇಲ್ಲಿಂದ ಸುಮಾರು ಒಂದು ಗಂಟೆ ದಾರಿಯ ಮೌಂಟ್ ಏಂಜಲ್ ಅನ್ನುವ ಪುಟ್ಟ ಊರಿನಲ್ಲಿ ಜೋ ಟ್ರೇಗರ್ 1980ರ ದಶಕದಲ್ಲಿ ಇದನ್ನು ಕಟ್ಟಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು. ಒಳಗಿನ ಕೆಲಸ ಸರಳ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳು ಒಂದು ಡಬ್ಬಿಯಲ್ಲಿರುತ್ತವೆ. ತಿರುಪಿನಂಥ ಒಂದು ಕಂಬಿ ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ. ಒಂದು ಫ್ಯಾನ್ ಗಾಳಿ ಊದುತ್ತದೆ. ಶಾಖ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿದರೆ ಮುಗಿಯಿತು, ಒಲೆ ಮುಂದೆ ಕೂತು ಊದುವ ಕೆಲಸವಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಶಾಖ ಕಡಿಮೆ ಇದ್ದಾಗಲೇ ಇದರಲ್ಲಿ ಹೊಗೆ ಜಾಸ್ತಿ. 180ರಿಂದ 225 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಚೆನ್ನಾಗಿ ಹೊಗೆ ಬರುತ್ತದೆ. 350 ದಾಟಿತೋ, ಅದು ಅಂಗಳದಲ್ಲಿಟ್ಟ ಓವನ್ ಅಷ್ಟೇ. ಈ ಒಂದು ಗುಣವೇ ಯಾವ ಅಡುಗೆ ಸುಲಭ, ಯಾವುದು ಕಷ್ಟ ಅನ್ನುವುದನ್ನು ತೀರ್ಮಾನಿಸುತ್ತದೆ.

ಮೊದಲು ಹಂದಿಯ ಕಥೆ. ಎಂಟು ಪೌಂಡ್, ಅಂದರೆ ಸುಮಾರು ಮೂರೂವರೆ ಕಿಲೋ ತೂಗುವ ಮೂಳೆಯಿದ್ದ ತುಂಡು. ಹಿಂದಿನ ರಾತ್ರಿ ಉಪ್ಪು, ಕಾಳುಮೆಣಸು, ಹುರಿದ ಜೀರಿಗೆ ಪುಡಿ ಹಚ್ಚಿಟ್ಟಿದ್ದೆ. ಬೆಳಗ್ಗೆ ಐದಕ್ಕೆ 225ಕ್ಕೆ ಇಟ್ಟೆ. ಮಧ್ಯಾಹ್ನ ಎರಡಕ್ಕೆ ಊಟ ಎಂದು ನಾಲ್ಕು ಮನೆಯವರಿಗೆ ಹೇಳಿದ್ದೆ. ಹನ್ನೊಂದಕ್ಕೆ ಮಾಂಸದ ಒಳಗಿನ ಶಾಖ 160 ಮುಟ್ಟಿತು. ಹನ್ನೆರಡಕ್ಕೂ 160. ಒಂದಕ್ಕೆ 161. ಯಂತ್ರ ಕೆಟ್ಟಿದೆ ಎಂದೇ ತಿಳಿದೆ. ಮಕ್ಕಳು ಹಸಿದು ಅಳುತ್ತಿದ್ದರು. ಕೊನೆಗೆ ಅನ್ನ ಸಾರು ಮಾಡಿ ಬಡಿಸಿದೆವು. ಹಂದಿ ಹೊರಬಂದಿದ್ದು ಸಂಜೆ ಏಳೂವರೆಗೆ.

ಯಂತ್ರ ಸರಿಯಾಗಿಯೇ ಇತ್ತು. ಮಾಂಸ ಬಿಸಿಯಾದಂತೆ ಮೈಮೇಲೆ ನೀರು ಜಿನುಗುತ್ತದೆ, ಆ ನೀರು ಆರುತ್ತಾ ಮಾಂಸವನ್ನು ತಣ್ಣಗೆ ಮಾಡುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುತ್ತದಲ್ವಾ, ಅದೇ ಲೆಕ್ಕ. ಎಷ್ಟು ಶಾಖ ಒಳಗೆ ಹೋಗುತ್ತದೋ ಅಷ್ಟೇ ಹೊರಗೆ ಹೋಗುತ್ತದೆ. ಗಂಟೆಗಟ್ಟಲೆ ಥರ್ಮಾಮೀಟರ್ ಮುಳ್ಳು ಅಲ್ಲಾಡುವುದಿಲ್ಲ. ಇದಕ್ಕೆ ಇಲ್ಲಿನವರು 'ಸ್ಟಾಲ್' ಅನ್ನುತ್ತಾರೆ. 165ರ ಹತ್ತಿರ ಬಂದಾಗ ದಪ್ಪ ಕಾಗದದಲ್ಲೋ ಫಾಯಿಲ್‌ನಲ್ಲೋ ಬಿಗಿಯಾಗಿ ಸುತ್ತಿಬಿಟ್ಟರೆ ಆವಿ ಹೋಗಲು ದಾರಿ ಇರುವುದಿಲ್ಲ, ಶಾಖ ಮತ್ತೆ ಏರುತ್ತದೆ. ಈಗ ನಾನು ಹಿಂದಿನ ರಾತ್ರಿ ಹತ್ತಕ್ಕೇ ಇಡುತ್ತೇನೆ. ಒಳಗೆ 203 ಆದ ಮೇಲೆ ಟವೆಲ್ ಸುತ್ತಿ ಐಸ್ ಪೆಟ್ಟಿಗೆಯಲ್ಲಿ, ಐಸ್ ಇಲ್ಲದೆ, ಒಂದೆರಡು ಗಂಟೆ ಬಿಡುತ್ತೇನೆ. ಬೇಗ ಬೆಂದರೂ ಅಲ್ಲಿ ಬಿಸಿಯಾಗಿಯೇ ಇರುತ್ತದೆ, ಗಡಿಬಿಡಿ ಇಲ್ಲ.

ರುಚಿಯ ಬಗ್ಗೆ ಎರಡು ಮಾತಿಲ್ಲ. ಮೂಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಒಂದು ಎಳೆ ಮಾಂಸವೂ ಅಂಟಿರದೆ ಬಿಳಿಯಾಗಿ ಜಾರಿ ಬರುತ್ತದೆ. ಬಿಡಿಸಿದ ಮಾಂಸಕ್ಕೆ ಒಂದು ಚಮಚ ಕಾಚಂಪುಳಿ ಹಾಕಿ ಕಲಸಿ ನೋಡಿ. ಕೊಡಗಿನಿಂದ ಬಂದ ಬಾಟಲಿ ಮನೆಯಲ್ಲಿತ್ತು. ಇಲ್ಲಿನ ಸಿಹಿ ಬಾರ್ಬೆಕ್ಯೂ ಸಾಸ್ ಅದರ ಮುಂದೆ ನಿಲ್ಲುವುದೇ ಇಲ್ಲ. ಅಕ್ಕಿ ರೊಟ್ಟಿ ಜೊತೆ ತಿಂದ ಗೆಳೆಯರೆಲ್ಲ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನನ್ನ ಕೈ ಕೆಲಸ ಇಪ್ಪತ್ತು ನಿಮಿಷವೂ ಇರುವುದಿಲ್ಲ, ನಿಜ. ಆದರೆ ಒಂದು ರಾತ್ರಿ, ಒಂದು ಹಗಲು, ಹನ್ನೆರಡು ಹದಿಮೂರು ಪೌಂಡ್ ಪೆಲೆಟ್ ಬೇಕು. ಯಂತ್ರದ ಗುಣ ಗೊತ್ತಿಲ್ಲದವರು ಇಷ್ಟು ಹೊತ್ತು ಕಾಯುತ್ತಾ ಗಾಬರಿಯಾಗುವುದು ಸಹಜ. ಅದಕ್ಕೇ ಮೊದಲ ಅಡುಗೆಯಾಗಿ ಬೇಡ ಅನ್ನುವುದು.

ಕೋಳಿ ತೊಡೆ ಒಂದೂವರೆ ಗಂಟೆಯ ಕೆಲಸ. ತಪ್ಪಾದರೂ ಒಂದೂವರೆ ಗಂಟೆಯಲ್ಲೇ ಗೊತ್ತಾಗುತ್ತದೆ. ನಾನು ಮೊದಲ ಸಲ ಪೂರ್ತಿ 225ರಲ್ಲೇ ಬೇಯಿಸಿದೆ. ಮಾಂಸ ಚೆನ್ನಾಗಿತ್ತು, ಚರ್ಮ ಮಾತ್ರ ಹಲ್ಲಿಗೆ ಸಿಕ್ಕರೆ ರಬ್ಬರ್ ಥರ ಎಳೆಯುತ್ತಿತ್ತು. ಚರ್ಮದ ಕೊಬ್ಬು ಕರಗಿ ಗರಿಗರಿಯಾಗಲು ಜೋರು ಶಾಖ ಬೇಕು, ಹೊಗೆ ಹಿಡಿಯಲು ಮೆಲ್ಲನೆಯ ಶಾಖ ಬೇಕು. ಎರಡನ್ನೂ ಕೊಟ್ಟರಾಯಿತು. ಉಪ್ಪು, ಮೆಣಸು, ಧನಿಯಾ ಪುಡಿ ಹಚ್ಚಿ ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಚರ್ಮ ಒಣಗಲಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ತುಂಡನ್ನೇ ಹಾಗೇ 225ಕ್ಕೆ ಇಡಿ, ತಣ್ಣಗಿನ ಮಾಂಸಕ್ಕೆ ಹೊಗೆ ಬೇಗ ಅಂಟುತ್ತದೆ. ನಲವತ್ತೈದು ನಿಮಿಷ ಆದ ಮೇಲೆ 400ಕ್ಕೆ ಏರಿಸಿ.

ಕೋಳಿ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಆದರೆ ತಿನ್ನಲು ಸುರಕ್ಷಿತ. ಆದರೆ ತೊಡೆಯನ್ನು 180ರವರೆಗೆ ಬಿಡಿ. ಎದೆಯ ಮಾಂಸ ಅಷ್ಟು ಬೆಂದರೆ ಒಣಗಿಹೋಗುತ್ತದೆ. ತೊಡೆಯಲ್ಲಿ ನಾರು ಜಾಸ್ತಿ, ಅದು ಕರಗಿ ಇನ್ನೂ ಮೆತ್ತಗಾಗುತ್ತದೆ. ಹತ್ತು ಡಿಗ್ರಿ ಆಚೆ ಈಚೆ ಆದರೂ ಕೆಡುವುದಿಲ್ಲ. ಹೊಸಬರಿಗೆ ಬೇಕಾದ್ದು ಈ ಸಲಿಗೆಯೇ. ಒಂದು ಒಳ್ಳೆಯ ಥರ್ಮಾಮೀಟರ್ ಮಾತ್ರ ಬೇಕೇ ಬೇಕು. ಹೊಗೆಯ ಅಡುಗೆಯಲ್ಲಿ ಬಣ್ಣ ನೋಡಿ ಹೇಳಲಾಗದು. ಊರಿಂದ ಬಂದ ಅಮ್ಮ ಕೋಳಿಯ ಒಳಗಿನ ಗುಲಾಬಿ ಬಣ್ಣ ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದರು. ಬೇಯದೆ ಹಾಗಾಗಿದ್ದಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಆ ಬಣ್ಣ ಹಾಗೇ ಉಳಿಯುತ್ತದೆ. ಮುಳ್ಳು ತೋರಿಸಿದ ಮೇಲೆ ಎರಡು ತುಂಡು ತಿಂದರು.

ಇನ್ನು ಸಾಲ್ಮನ್. ರುಚಿಯಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಈ ನೆಲದ ಅಡುಗೆಯೂ ಇದೇ. ಕೊಲಂಬಿಯಾ ನದಿಯ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಸಾಲ್ಮನ್ ಹಿಡಿದು ಒಣಗಿಸಿ, ಹೊಗೆಗಿಟ್ಟು ಕಾಪಾಡಿಕೊಂಡು ಬಂದವರು. ಅವರ ದೊಡ್ಡ ಮೀನುಗಾರಿಕೆಯ ಜಾಗ ಸಿಲೈಲೊ ಜಲಪಾತ. 1957ರಲ್ಲಿ ದ ಡ್ಯಾಲ್ಸ್ ಅಣೆಕಟ್ಟು ಕಟ್ಟಿದಾಗ ಅದು ಮುಳುಗಿಹೋಯಿತು. ಇಂದಿಗೂ ಕ್ಯಾಸ್ಕೇಡ್ ಲಾಕ್ಸ್ ಊರಿನ ಸೇತುವೆಯ ಹತ್ತಿರ ಅವರು ತಾವೇ ಹಿಡಿದ ಮೀನು ಮಾರುತ್ತಾರೆ. ನಾವು ಅಲ್ಲಿಗೇ ಹೋಗಿ ತರುತ್ತೇವೆ. ಲಿಂಗನಮಕ್ಕಿಯಲ್ಲಿ ಮನೆ ಗದ್ದೆ ಮುಳುಗಿಸಿಕೊಂಡವರ ಕಡೆಯವಳು ನಾನು. ಆ ಜಲಪಾತದ ಕಥೆ ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಮಾಡುವಾಗ ತಾಳ್ಮೆ ಬೇಕು. ಒಂದು ಪಾಲು ಉಪ್ಪು, ಎರಡು ಪಾಲು ಬೆಲ್ಲದ ಪುಡಿ ಮುಚ್ಚಿ ನಾಲ್ಕು ಗಂಟೆ. ಆಮೇಲೆ ತೊಳೆದು, ಒರೆಸಿ, ಜಾಲರಿ ಮೇಲೆ ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿ. ಬೆಳಗ್ಗೆ ಬೆರಳಿಟ್ಟರೆ ಮೇಲ್ಮೈ ಸ್ವಲ್ಪ ಅಂಟಬೇಕು. ಆ ಅಂಟಿಗೇ ಹೊಗೆ ಹಿಡಿಯುವುದು. ಪೆಲೆಟ್ ಆಲ್ಡರ್ ಅನ್ನುವ ಮರದ್ದಾದರೆ ಒಳ್ಳೆಯದು. 180ರಲ್ಲಿ ಎರಡು ಗಂಟೆ ಹತ್ತಿರ, ಒಳಗೆ 145 ಆಗುವವರೆಗೆ. ಅವಸರ ಮಾಡಿ 250ಕ್ಕೆ ಏರಿಸಿದ ದಿನ ಮೀನಿನ ಮೈಯಿಂದ ಒಡೆದ ಮೊಸರಿನಂಥ ಬಿಳಿ ಗಡ್ಡೆ ಹೊರಬಂತು. ಅದು ಮೀನಿನದೇ ಪ್ರೋಟೀನು, ತಿಂದರೆ ಏನೂ ಆಗದು. ಆದರೆ ಮೀನು ಒಣಗಿತ್ತು. ಕೋಳಿ ಕೊಡುವ ಸಲಿಗೆ ಸಾಲ್ಮನ್ ಕೊಡುವುದಿಲ್ಲ.

ಮಾಂಸ ತಿನ್ನದವರಿಗೆ? ನಾನು ಬದನೆಕಾಯಿ ಮೇಲೆ ಬಹಳ ಆಸೆ ಇಟ್ಟಿದ್ದೆ. ಒಂದೂವರೆ ಗಂಟೆ ಇಟ್ಟು ತೆಗೆದರೆ ಸಿಪ್ಪೆ ಚರ್ಮದ ಚೀಲದಂತಾಗಿತ್ತು. ಒಳಗೆ ಮೆತ್ತಗೆ, ಹೊಗೆಯ ವಾಸನೆಯೂ ಇತ್ತು. ಸುಟ್ಟ ಬದನೆಕಾಯಿಯ ಘಮ ಮಾತ್ರ ಇರಲಿಲ್ಲ. ಹೊಗೆ ಹಿಡಿಸುವುದೇ ಬೇರೆ, ಸುಡುವುದೇ ಬೇರೆ. ನಮ್ಮ ಗೊಜ್ಜಿಗೆ ಬೇಕಾದ್ದು ಸಿಪ್ಪೆ ಕೆಂಡಕ್ಕೆ ತಗುಲಿ ಕರಿಯಾಗುವ ಘಮ. ಅದಕ್ಕೆ ಗ್ಯಾಸ್ ಒಲೆಯ ಉರಿಯೇ ಸಾಕು, ಸುಮ್ನೆ ಪೆಲೆಟ್ ಖರ್ಚು ಮಾಡಬೇಡಿ.

ಟೊಮೆಟೊ ಹಾಗಲ್ಲ. ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಮೇಲಕ್ಕೆ ಮಾಡಿ 225ರಲ್ಲಿ ಎರಡು ಗಂಟೆ ಇಡಿ. ಅಂಚು ಸುಕ್ಕಾಗಿ, ನಡುವೆ ರಸ ನಿಂತಿರುತ್ತದೆ. ಆ ರಸ ಚೆಲ್ಲದಂತೆ ಎತ್ತಿಕೊಳ್ಳಿ. ಹೊಗೆಯೆಲ್ಲ ಅದರಲ್ಲೇ ಇರುವುದು. ಕಿವುಚಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದರೆ ಅಜ್ಜಿ ಮನೆಯ ಸೌದೆ ಒಲೆಯ ಸಾರೇ. ಸಸ್ಯಾಹಾರಿಗಳು ಇದರಿಂದಲೇ ಶುರು ಮಾಡಿ. ಕೋಳಿ ಇಟ್ಟಾಗ ಪಕ್ಕದ ಜಾಗದಲ್ಲಿ ಒಂದು ತಟ್ಟೆ ಒರೆಗಾನ್ ಹೇಝಲ್‌ನಟ್ ಕೂಡ ಇಡುತ್ತೇನೆ, ಅದಕ್ಕೆ ಉಪ್ಪು ಬೆಣ್ಣೆ ಬಿಟ್ಟರೆ ಬೇರೇನೂ ಬೇಡ.

ಪೆಲೆಟ್ ಬಗ್ಗೆ ಒಂದು ಎಚ್ಚರಿಕೆ. ಮೊದಲ ಅಕ್ಟೋಬರ್‌ನಲ್ಲಿ ಡಬ್ಬಿ ತುಂಬಿಸಿ ಹಾಗೇ ಬಿಟ್ಟೆ. ಇಲ್ಲಿ ಮಳೆ ಹಿಡಿದರೆ ನಮ್ಮ ಮಲೆನಾಡಿನ ಹಾಗೆ ಬಿಡುವುದೇ ಇಲ್ಲ. ತೇವಕ್ಕೆ ಗುಳಿಗೆಗಳು ಉಬ್ಬಿ, ಪುಡಿಯಾಗಿ, ತಿರುಪಿನ ಸುತ್ತ ಗಟ್ಟಿ ಕಚ್ಚಿಕೊಂಡವು. ಬಿಡಿಸಲು ಒಂದು ಇಡೀ ಭಾನುವಾರ ಬೇಕಾಯಿತು. ಅಂದಿನಿಂದ ಅಡುಗೆ ಮುಗಿದ ಕೂಡಲೇ ಡಬ್ಬಿ ಖಾಲಿ ಮಾಡಿ, ಉಳಿದ ಪೆಲೆಟ್ ಅನ್ನು ಮುಚ್ಚಳವಿರುವ ಬಕೆಟ್‌ಗೆ ಹಾಕಿ ಮನೆಯೊಳಗೆ ಇಡುತ್ತೇನೆ. ಮಳೆ ಬಂತು ಎಂದು ಸ್ಮೋಕರ್ ಅನ್ನು ಗ್ಯಾರೇಜ್ ಒಳಗಿಟ್ಟು ಮಾತ್ರ ಹಚ್ಚಲೇಬೇಡಿ. ಹೊಗೆಯ ಜೊತೆ ಬರುವ ಇಂಗಾಲದ ಮಾನಾಕ್ಸೈಡ್ ಅನ್ನುವ ವಿಷಾನಿಲ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಮಳೆ ನಿಲ್ಲುವ ದಿನ ನೋಡಿಕೊಂಡು ಅಂಗಳದಲ್ಲೇ ಮಾಡಿ.