ಹತ್ತಿ ಗಾದಿ, ನೀರಿನ ಹಾಸಿಗೆ, ಗಾಳಿ ಹಾಸಿಗೆ: ಮಲಗಿದವರಿಗೆ ಯಾವುದು ಹಿತ?

ಲಕ್ವ ಹೊಡೆದು ಒಂದು ಬದಿ ಸ್ವಾಧೀನ ತಪ್ಪಿದವರಿಗೆ ಆ ಬದಿಯ ನೋವೂ ಎಷ್ಟೋ ಸಲ ಸರಿಯಾಗಿ ತಿಳಿಯುವುದಿಲ್ಲ. ಟೊಂಕದ ಕೆಳಗಿನ ಎಲುಬು, ಹಿಮ್ಮಡಿ, ಚಪ್ಪೆಯ ಮೂಳೆ ಹಾಸಿಗೆಗೆ ಒತ್ತಿಕೊಂಡೇ ಇದ್ದರೆ ಅಲ್ಲಿ ರಕ್ತ ಓಡಾಡದೆ ಚರ್ಮ ಸತ್ತು ಹುಣ್ಣಾಗುತ್ತದೆ. ನಮ್ಮ ಯಜಮಾನರನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಧಾರವಾಡದ ಮನೆಗೆ ಕರೆತಂದಾಗ ನನ್ನನ್ನು ಕಾಡಿದ್ದು ಈ ಹುಣ್ಣಿನ ಭಯವೇ. ಮಳೆಗಾಲದಿಂದ ಚಳಿಗಾಲದವರೆಗೆ ಮೂರು ಬಗೆಯ ಹಾಸಿಗೆಗಳನ್ನು ಅವರಿಗೆ ಹಾಸಿ ನೋಡಿದ್ದೇನೆ.

ಮೊದಲಿಗೆ ಇದ್ದದ್ದು ಹೊಸದಾಗಿ ಹಿಂಜಿಸಿ ಹೊಲಿಸಿದ ಹತ್ತಿ ಗಾದಿ. ಗಟ್ಟಿಯಾಗಿರುತ್ತದೆ, ಬೆವರು ಹೀರುತ್ತದೆ. ಆದರೆ ಒಂದೇ ಕಡೆ ಭಾರ ಬೀಳುವುದರಿಂದ ಹತ್ತಿ ಅಲ್ಲಿಯೇ ಕುಸಿದು, ಸುತ್ತ ಗಂಟು ಕಟ್ಟುತ್ತದೆ. ಮೂತ್ರ ಇಳಿದರಂತೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದನ್ನು ಒಣಗಿಸುವ ದಾರಿಯೇ ಇಲ್ಲ. ಕೆಲವೇ ದಿನಗಳಲ್ಲಿ ಟೊಂಕದ ಕೆಳಗೆ ಕೆಂಪು ಮೂಡಿತು. ಬೆರಳಿನಿಂದ ಒತ್ತಿದಾಗ ಕೆಂಪು ಮಾಯವಾಗಿ ಮತ್ತೆ ಬಂದರೆ ಚರ್ಮಕ್ಕೆ ಇನ್ನೂ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ನಮ್ಮವರದು ಮಾಯವಾಗುತ್ತಿತ್ತು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ.

ನೀರಿನ ಹಾಸಿಗೆ ತಂದುಕೊಟ್ಟವರು ರಾಣೆಬೆನ್ನೂರಿನ ನಮ್ಮ ವೈನಿ. ಬೇಸಿಗೆಯಲ್ಲಿ ಅವರ ಅತ್ತೆಗೆ ಅದು ಒಗ್ಗಿತ್ತು. ಕರೆಂಟಿನ ಹಂಗಿಲ್ಲ ಎನ್ನುವುದು ಅದರ ದೊಡ್ಡ ಗುಣ. ನಮ್ಮಲ್ಲಿ ಮಾತ್ರ ನೀರು ರಾತ್ರಿಯಿಡೀ ತಣ್ಣಗಾಗಿ ಅವರು ನಡುಗುತ್ತಿದ್ದರು. ಮಗ್ಗುಲು ಬದಲಿಸಲು ಹೋದರೆ ಹಾಸಿಗೆಯೆಲ್ಲ ತುಳುಕಾಡಿ ಗಾಬರಿಯಾಗುತ್ತಿದ್ದರು. ಬೇಗನೆ ಹಿಂದಿರುಗಿಸಿದೆವು.

ಗಾಳಿ ಹಾಸಿಗೆಯನ್ನು ಸರ್ಜಿಕಲ್ ಅಂಗಡಿಯಿಂದ ಬಾಡಿಗೆಗೆ ತಂದೆವು. ಅದರ ಗುಳ್ಳೆಗಳು ಎರಡು ಗುಂಪಾಗಿದ್ದು, ಕೆಲವು ನಿಮಿಷಗಳಿಗೊಮ್ಮೆ ಪಂಪು ಒಂದನ್ನು ಉಬ್ಬಿಸಿ ಇನ್ನೊಂದನ್ನು ಇಳಿಸುತ್ತದೆ. ಹಾಗಾಗಿ ಮೈಯ ಯಾವ ಭಾಗವೂ ಬಹಳ ಹೊತ್ತು ಒತ್ತಿಕೊಂಡಿರುವುದಿಲ್ಲ. ಹಾಸಿಗೆಯ ಅಡಿ ಅಂಗೈ ತೂರಿಸಿದಾಗ ಟೊಂಕದ ಎಲುಬು ಕೈಗೆ ತಾಗಿದರೆ ಗಾಳಿ ಸಾಲದು. ಮೆತ್ತಗಿರಲೆಂದು ಮೇಲೆ ಕೌದಿ ಮಡಿಸಿ ಹಾಸುವವರಿದ್ದಾರೆ, ಅದರಿಂದ ಗುಳ್ಳೆಗಳ ಕೆಲಸವೇ ಕೆಟ್ಟುಹೋಗುತ್ತದೆ. ತೆಳು ಹತ್ತಿ ಬಟ್ಟೆ ಒಂದೇ ಸಾಕು. ಕರೆಂಟು ಹೋದಾಗ ಗಾಳಿ ನಿಧಾನವಾಗಿ ಇಳಿಯುತ್ತದೆ, ಪಂಪಿನ ಗುಂಯ್‌ಗುಡುವಿಕೆಗೆ ಒಗ್ಗಿಕೊಳ್ಳಲು ಸಮಯ ಬೇಕು. ಇಷ್ಟಾದರೂ ಮೂಡಿದ್ದ ಕೆಂಪು ಮಾಸಿದ್ದು ಇದರ ಮೇಲೆಯೇ.

ಹಾಸಿಗೆ ಯಾವುದಿದ್ದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ನಾನು ಬಿಡಲಿಲ್ಲ. ಗಾಳಿ ಹಾಸಿಗೆ ಬಂತು, ಇನ್ನು ನಿಶ್ಚಿಂತೆ ಎಂದು ಯಾರೂ ನಂಬಬೇಡಿ. ಸ್ವಾಧೀನವಿಲ್ಲದ ತೋಳನ್ನು ಹಿಡಿದು ಎಳೆಯಬಾರದು, ಭುಜದ ಕೀಲು ಸರಿಯುತ್ತದೆ. ಟೊಂಕದ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು ಹಿಡಿದು ತಿರುಗಿಸಿ, ಬೆನ್ನಿಗೊಂದು ದಿಂಬು ಕೊಟ್ಟು ಅರೆಮಗ್ಗುಲಾಗಿ ಮಲಗಿಸುತ್ತೇನೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಏನಕ್ಕೂ ತಾಗದಂತೆ ನೋಡಿಕೊಳ್ಳುತ್ತೇನೆ. ರಾತ್ರಿಯ ಒಂದು ಸರದಿ ಮಗನದು. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಬರುವ ಅವನು ಅಷ್ಟು ದಣಿದಿದ್ದರೂ ಎದ್ದು ಬರುತ್ತಾನೆ. ಆ ಹುಡುಗನ ಋಣ ದೊಡ್ಡದು.

ಆದರೆ ಗಾಳಿ ಹಾಸಿಗೆಗೆ ಒಂದು ದೋಷವಿದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಮೈ ಅದರಲ್ಲಿ ಹುದುಗುವುದರಿಂದ ರೋಗಿಗೆ ತಾನಾಗಿ ಹೊರಳಲು, ಅಂಚಿಗೆ ಬಂದು ಕೂರಲು ಆಸರೆ ಸಿಗುವುದಿಲ್ಲ. ಕಾಲಿಗೆ ಬಲ ಮರಳುವ ಹೊತ್ತಿನಲ್ಲಿ ಈ ಕಸರತ್ತೇ ಮುಖ್ಯವೆಂದು ಫಿಜಿಯೋಥೆರಪಿಸ್ಟ್ ಹೇಳಿದರು. ಅದಕ್ಕೇ ಹಳೆಯ ಗಾದಿಯನ್ನು ಬಿಸಿಲಿಗೆ ಒಣಗಿಸಿ ಇನ್ನೊಂದು ಮಂಚಕ್ಕೆ ಹಾಸಿದೆ. ಈಗ ಹಗಲಿನ ವ್ಯಾಯಾಮ ಗಾದಿಯ ಮೇಲೆ, ರಾತ್ರಿ ನಿದ್ದೆ ಗಾಳಿ ಹಾಸಿಗೆಯ ಮೇಲೆ. ಊಟಕ್ಕೆ ಕುರ್ಚಿ, ಉಂಡ ಮೇಲೂ ಅರ್ಧ ತಾಸು ನೆಟ್ಟಗೆ ಕೂರಿಸುತ್ತೇನೆ.

ಬಾಡಿಗೆಗೆ ತರುವವರು ಅಂಗಡಿಯಲ್ಲಿಯೇ ಪಂಪು ಓಡಿಸಿ, ಎರಡೂ ಗುಂಪಿನ ಗುಳ್ಳೆಗಳು ಸರದಿಯಂತೆ ಏರಿಳಿಯುವುದನ್ನು ಕಣ್ಣಾರೆ ಕಂಡು, ತೂತು ಮುಚ್ಚುವ ಪಟ್ಟಿಯನ್ನೂ ಕೇಳಿ ತನ್ನಿ.