ಗಿಡಮೂಲದ ಪ್ಲಾಸ್ಟಿಕ್: ಪಿಎಲ್‌ಎ ಒಳ್ಳೆಯದಾ, ಬಯೋ ಪಾಲಿಥೀನಾ?

ಪ್ಯಾಕಿಂಗ್‌ಗೆ ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್ ಅನ್ನೋ ಪ್ಲಾಸ್ಟಿಕ್) ಮತ್ತು ಬಯೋ ಪಾಲಿಥೀನ್, ಇವೆರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಬಳಸಿ ಬಿಸಾಡಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನೋದನ್ನ ಮೊದಲು ನೋಡಿ.

ಕಬ್ಬಿನ ಎಥನಾಲ್‌ನಿಂದ ಮಾಡುವ ಬಯೋ ಪಾಲಿಥೀನ್ ರಚನೆಯಲ್ಲಿ ಮಾಮೂಲಿ ಪಾಲಿಥೀನೇ. ಹಾಗಾಗಿ ಅದರ ಜೊತೆಗೇ ರೀಸೈಕಲ್ ಆಗುತ್ತದೆ. ಮಣ್ಣಲ್ಲಿ ಮಾತ್ರ ಕೊಳೆಯುವುದಿಲ್ಲ. ಗಿಡದಿಂದ ಬಂದದ್ದೆಲ್ಲ ಕೊಳೆಯಲೇಬೇಕು ಅಂತೇನಿಲ್ಲ ಅಲ್ವಾ?

ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಬರುವ ಪಿಎಲ್‌ಎ ಕೊಳೆಯುತ್ತದೆ, ಆದರೆ ಸುಮಾರು 58 ಡಿಗ್ರಿ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ. ಮನೆಯ ಗೊಬ್ಬರದ ಗುಂಡಿಯಲ್ಲಿ ಸುಮ್ನೆ ಬಿದ್ದಿರುತ್ತದೆ. ರೀಸೈಕಲ್‌ಗೆ ಹೋಗುವ ಪೆಟ್ (ನೀರು, ತಂಪು ಪಾನೀಯ ತುಂಬುವ ಪ್ಲಾಸ್ಟಿಕ್) ಬಾಟಲಿಗಳ ಜೊತೆ ಬೆರೆತರೆ ಆ ರಾಶಿಯನ್ನೂ ಕೆಡಿಸುತ್ತದೆ. ಬಿಸಿ ಕಾಫಿ ಸುರಿದರೆ ಮಾಮೂಲಿ ಪಿಎಲ್‌ಎ ಲೋಟ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಬೆಲೆ ಎರಡಕ್ಕೂ ಸಾಮಾನ್ಯವಾಗಿ ಪೆಟ್ರೋಲಿಯಂ ಪ್ಲಾಸ್ಟಿಕ್‌ಗಿಂತ ಜಾಸ್ತಿಯೇ.

ಶಾಂಪೂ ಬಾಟಲಿ, ಡಬ್ಬಿಗಳಿಗೆ ಬಯೋ ಪಾಲಿಥೀನ್ ತಗೊಳ್ಳಿ. ಎಂಜಲು ಅಂಟುವ, ತಣ್ಣನೆಯ ತಿಂಡಿಯ ತಟ್ಟೆಗೆ ಪಿಎಲ್‌ಎ ಸರಿ, ಕಾಂಪೋಸ್ಟ್ ಘಟಕದವರು ಅದನ್ನು ತಗೊಳ್ಳುವುದಾದರೆ ಮಾತ್ರ.